ಮಡಚುವ ಕುರ್ಚಿ, ವಾಪಸ್ ಬರುವ ಕುರ್ಚಿ

ಇವತ್ತು ವೀಲ್‌ಚೇರಿನ ಇತಿಹಾಸ ಮಾತಾಡೋಣ. ಇಡೀ ಇತಿಹಾಸ ಅಲ್ಲ, ಅದರ ಒಂದೇ ಎಳೆ: ಒಬ್ಬರಿಗೆ ಬೇಡವಾದ ಮೇಲೆ ಅದು ಎಲ್ಲಿಗೆ ಹೋಗುತ್ತೆ?

ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಇರೋ ನಮ್ಮವರ ಫ್ಲ್ಯಾಟುಗಳಲ್ಲಿ ಇದಕ್ಕೆ ಉತ್ತರ ಕಣ್ಣಿಗೇ ಕಾಣುತ್ತೆ. ಮಂಡಿ ಆಪರೇಷನ್ ಅಂತಲೋ, ಸೊಂಟದ ಮೂಳೆ ಮುರೀತು ಅಂತಲೋ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿರ್ತೀವಿ. ವಾಕರ್, ಕಮೋಡ್ ಚೇರ್, ವೀಲ್‌ಚೇರ್ ಎಲ್ಲ ಒಂದೇ ವಾರದಲ್ಲಿ ಮನೆಗೆ ಬರುತ್ತೆ. ಕೆಲವು ತಿಂಗಳಾದ ಮೇಲೆ ಅವರು ಊರಿಗೆ ವಾಪಸ್ ಹೋಗ್ತಾರೆ, ಇಲ್ಲಾ ಹೋಗೇಬಿಡ್ತಾರೆ. ಕುರ್ಚಿ ಮಾತ್ರ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನ್ ಪಕ್ಕದಲ್ಲಿ, ಒದ್ದೆ ಟವೆಲ್ ಹೊದ್ದುಕೊಂಡು ನಿಂತಿರುತ್ತೆ. ಮಾರೋಕೆ ಮನಸ್ಸು ಬರಲ್ಲ, ಎಸೆಯೋಕೆ ಕೈ ಬರಲ್ಲ.

ಹಳೇ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ. ಕುರ್ಚಿ ಅನ್ನೋದು ಒಬ್ಬ ಮನುಷ್ಯನಿಗೆ ಅಂತಲೇ ಆಗುತ್ತಿತ್ತು. 1595ರಲ್ಲಿ ಸ್ಪೇನಿನ ದೊರೆ ಎರಡನೇ ಫಿಲಿಪ್‌ಗೆ ಚಕ್ರದ ಕುರ್ಚಿ ಮಾಡಿಕೊಟ್ಟರು. 1655ರಲ್ಲಿ ಜರ್ಮನಿಯ ಸ್ಟೀಫನ್ ಫಾರ್ಫ್ಲರ್ ಅನ್ನೋ ಗಡಿಯಾರ ಮಾಡುವವನು ಕೈಯಿಂದ ತಿರುಗಿಸಿ ಓಡಿಸುವ ಗಾಡಿಯನ್ನು ತನಗೋಸ್ಕರ ತಾನೇ ಕಟ್ಟಿಕೊಂಡ. ಇಂಗ್ಲೆಂಡಿನ ಬಾತ್ ಊರಿನಲ್ಲಿ, ಬಿಸಿನೀರಿನ ಬುಗ್ಗೆಗೆ ಬರುವ ರೋಗಿಗಳಿಗೆ ಚಕ್ರದ ಕುರ್ಚಿ ಬಾಡಿಗೆಗೆ ಸಿಗುತ್ತಿತ್ತು. ಎಳೆಯೋ ಆಳು ಕೂಡ ಅದರ ಜೊತೆಗೇ. ಅಂದರೆ ಅದು ಗಾಡಿ, ಮನೆಯ ಸಾಮಾನಲ್ಲ.

ತಿರುವು ಬಂದದ್ದು 1933ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಹರ್ಬರ್ಟ್ ಎವರೆಸ್ಟ್ ಗಣಿ ಎಂಜಿನಿಯರ್. 1918ರ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದಿತ್ತು. ಆಗಿನ ಭಾರದ ಕುರ್ಚಿ ಕಾರಿನೊಳಗೆ ಹೋಗುತ್ತಿರಲಿಲ್ಲ. ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಮೆಕ್ಯಾನಿಕಲ್ ಎಂಜಿನಿಯರ್. ಇಬ್ಬರೂ ಸೇರಿ ಉಕ್ಕಿನ ಕೊಳವೆಗಳನ್ನು ಸೀಟಿನ ಕೆಳಗೆ ಕತ್ತರಿ ಥರ ಅಡ್ಡಡ್ಡ ಜೋಡಿಸಿದರು. ಸೀಟಿನ ಬಟ್ಟೆ ಹಿಡಿದು ಮೇಲಕ್ಕೆ ಎಳೆದರೆ ಕುರ್ಚಿ ಮಡಚಿಕೊಳ್ಳುತ್ತೆ. ನಿಮ್ಮ ಬಾಲ್ಕನಿಯಲ್ಲಿ ನಿಂತಿರೋದು ಹೆಚ್ಚುಕಮ್ಮಿ ಅದೇ ಕುರ್ಚಿ. ಸುಮಾರು 90 ವರ್ಷ ಆದರೂ ಆ ಕತ್ತರಿ ಹೋಗಿಲ್ಲ.

ಕುರ್ಚಿ ಮಡಚಿದ್ದರಿಂದಲೇ ಅದನ್ನು ಕೈ ದಾಟಿಸೋಕೆ ಸಾಧ್ಯವಾಯಿತು ಅಂತ ನನಗನ್ನಿಸುತ್ತೆ. ಲಿಫ್ಟಲ್ಲಿ ಹೋಗುತ್ತೆ, ಆಟೋದಲ್ಲಿ ಹೋಗುತ್ತೆ, ಬಸ್ಸಿನ ಡಿಕ್ಕಿಯಲ್ಲಿ ಹುಬ್ಬಳ್ಳಿಗೂ ಹೋಗುತ್ತೆ. ಆದರೆ ಹೋಗೋದಕ್ಕೆ ಒಂದು ವ್ಯವಸ್ಥೆ ಬೇಕಲ್ಲ, ಅದು ಕುರ್ಚಿಯ ಜೊತೆ ಬರಲಿಲ್ಲ.

ನಾನು ಕಂಡಂತೆ ಅದಕ್ಕೆ ಒಳ್ಳೆಯ ಉದಾಹರಣೆ ಜೆರುಸಲೇಮಿನದು. 1970ರ ದಶಕ. ಉರಿ ಲುಪೊಲಿಯಾನ್ಸ್ಕಿ ಅನ್ನೋ ಮೇಷ್ಟ್ರು. ಮಗುವಿಗೆ ಹುಷಾರಿಲ್ಲದಾಗ ಆವಿ ಕೊಡುವ ಯಂತ್ರವನ್ನು ಪಕ್ಕದ ಮನೆಯಿಂದ ಕಡ ತಂದರು. ಇದು ಎಲ್ಲರಿಗೂ ಬೇಕಾಗುತ್ತೆ, ಬೇಕಾಗೋದು ಕೆಲವೇ ದಿನ ಅಂತ ಹೊಳೀತು. ಕೆಲವು ಯಂತ್ರ ಕೊಂಡು ಕೇಳಿದವರಿಗೆ ಕಡ ಕೊಡೋಕೆ ಶುರು ಮಾಡಿದರು. ಸುದ್ದಿ ಹರಡಿದ ಮೇಲೆ ಜನ ತಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಊರುಗೋಲು, ವೀಲ್‌ಚೇರು ತಂದುಕೊಟ್ಟರು. 1976ರಲ್ಲಿ ಅದು ಯಾದ್ ಸಾರಾ ಅನ್ನೋ ಸಂಸ್ಥೆಯಾಯಿತು. ನಾಜಿಗಳ ಕೈಯಲ್ಲಿ ಸತ್ತ ಅಜ್ಜಿ ಸಾರಾಳ ಹೆಸರು. 1994ರಲ್ಲಿ ದೇಶದ ದೊಡ್ಡ ಗೌರವವಾದ ಇಸ್ರೇಲ್ ಪ್ರಶಸ್ತಿ ಸಿಕ್ಕಿತು, ಮೇಷ್ಟ್ರು 2003ರಲ್ಲಿ ಜೆರುಸಲೇಮಿನ ಮೇಯರೂ ಆದರು. ಇವತ್ತು ನೂರಕ್ಕೂ ಹೆಚ್ಚು ಶಾಖೆಗಳಿವೆ. ಬಹುಪಾಲು ಕೆಲಸ ಸ್ವಯಂಸೇವಕರದ್ದು.

ಇಲ್ಲಿ ಒಂದು ಸೂಕ್ಷ್ಮ ನೋಡಿ. ಅವರು ದಾನ ಮಾಡಲ್ಲ, ಕಡ ಕೊಡ್ತಾರೆ. ಬಾಡಿಗೆ ಇಲ್ಲ, ಒಂದು ಡೆಪಾಸಿಟ್ ಇಟ್ಟುಕೊಳ್ತಾರೆ, ಸಾಮಾನು ತಂದರೆ ವಾಪಸ್. ನಮ್ಮಲ್ಲಿ ಪಾತ್ರೆ ಕಡ ಕೊಡೋದು ಗೊತ್ತು, ಮದುವೆಗೆ ಜಮಖಾನ ಕೊಡೋದು ಗೊತ್ತು. ವೀಲ್‌ಚೇರ್ ಬಂದಾಗ ಮಾತ್ರ ಯಾಕೋ ‘ದಾನ’ ಅನ್ನೋ ಮಾತು ಬಂದುಬಿಡುತ್ತೆ, ಫೋಟೋ ಕೂಡ ಬರುತ್ತೆ. ಕಡ ತಂದವರು ತಲೆ ತಗ್ಗಿಸಬೇಕಿಲ್ಲ. ಕೊಟ್ಟವರಿಗೂ ಅದು ಮತ್ತೆ ಎಲ್ಲೋ ಮೂಲೆ ಸೇರಲ್ಲ ಅನ್ನೋ ಧೈರ್ಯ ಇರುತ್ತೆ.

ಇನ್ನೊಂದು ಮುಖ ಇದೆ. ರಾಲ್ಫ್ ಹಾಚ್‌ಕಿಸ್ ಅನ್ನೋ ಅಮೆರಿಕನ್ ಎಂಜಿನಿಯರ್, 1966ರ ಮೋಟರ್‌ಸೈಕಲ್ ಅಪಘಾತದ ನಂತರ ಸ್ವತಃ ವೀಲ್‌ಚೇರಿನಲ್ಲಿದ್ದವರು, 1980ರಲ್ಲಿ ನಿಕರಾಗುವಾಕ್ಕೆ ಹೋದರು. ಅಲ್ಲಿ ನಾಲ್ಕು ಜನ ಯುವಕರು ಒಂದೇ ಕುರ್ಚಿಯನ್ನು ಹಂಚಿಕೊಂಡಿದ್ದರು. ಅದನ್ನು ಅವರೇ ರಿಪೇರಿ ಮಾಡ್ಕೊಂಡು ಓಡಿಸುತ್ತಿದ್ದರು. ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ ಕುರ್ಚಿ ಕಲ್ಲುಮಣ್ಣಿನ ದಾರಿಗೆ ಆಗಲ್ಲ ಅನ್ನೋದನ್ನು ಹಾಚ್‌ಕಿಸ್ ಅಲ್ಲಿಂದ ಕಲಿತು, ಊರಿನ ವರ್ಕ್‌ಶಾಪಲ್ಲೇ ಕಟ್ಟಬಹುದಾದ ಕುರ್ಚಿಗಳ ಕಡೆ ತಿರುಗಿದರು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮಾರ್ಗಸೂಚಿಯ ಸಾರವೂ ಹತ್ತಿರಹತ್ತಿರ ಇದೇ: ಕುರ್ಚಿ ಕೂರುವವರ ದೇಹಕ್ಕೆ ಹೊಂದಬೇಕು, ಅವರು ಓಡಾಡುವ ಜಾಗಕ್ಕೆ ಹೊಂದಬೇಕು, ಕೆಟ್ಟರೆ ಅಲ್ಲೇ ರಿಪೇರಿ ಆಗಬೇಕು.

ಇದು ನನ್ನ ಮಟ್ಟಿಗೆ ಬರೀ ಓದಿದ ವಿಷಯ ಅಲ್ಲ. ಪುಣೆಯಲ್ಲಿ ನಮ್ಮಮ್ಮನಿಗೆ ಕುರ್ಚಿ ಬಂದದ್ದು ಮೂರನೇ ಮಹಡಿಯ ಮರಾಠಿ ಅಜ್ಜಿಯ ಮನೆಯಿಂದ. ಅವರ ಯಜಮಾನರು ದೊಡ್ಡ ಆಳು, ಸೀಟು 18 ಇಂಚು ಅಗಲ. ಅಮ್ಮ ಗುಬ್ಬಚ್ಚಿ ಥರ. ಸಂಜೆ ಹೊತ್ತಿಗೆ ಒಂದು ಪಕ್ಕಕ್ಕೆ ವಾಲಿರುತ್ತಿದ್ದಳು, ಪಾದ ಫುಟ್‌ರೆಸ್ಟ್ ಮುಟ್ಟುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಬಂದು ಎರಡೂ ಪಕ್ಕಕ್ಕೆ ಗಟ್ಟಿ ಫೋಮ್ ಇಡಿಸಿ, ಫುಟ್‌ರೆಸ್ಟ್ ಮೇಲೆತ್ತಿಸಿ, ಒಳ್ಳೆ ಕುಶನ್ ಹಾಕಿಸಿದರು. ಒಂದೇ ಕಡೆ ಭಾರ ಬಿದ್ದರೆ ಚರ್ಮ ಒಡೆದು ಹುಣ್ಣಾಗುತ್ತೆ, ವಯಸ್ಸಾದವರಲ್ಲಿ ಅದು ಬೇಗ ಮಾಯಲ್ಲ ಅಂದರು. ಸ್ಕ್ರೂಡ್ರೈವರ್, ಸ್ಪ್ಯಾನರ್ ಹಿಡಿದು ಅರ್ಧ ಗಂಟೆ ಕೆಲಸ, ಅಷ್ಟೆ. ಅಮ್ಮ ನೆಟ್ಟಗೆ ಕೂತು ಕಾಫಿ ಕುಡಿದಳು.

ಹಾಗಾಗಿ ಬಾಲ್ಕನಿಯಿಂದ ಕುರ್ಚಿ ಹೊರಡಿಸೋ ಮೊದಲು ಟೇಪ್ ಹಿಡೀರಿ. ಸೀಟಿನ ಅಗಲ, ಇಡೀ ಕುರ್ಚಿಯ ಅಗಲ ಬರೆದಿಡಿ. ತಗೊಳ್ಳುವವರು ತಮ್ಮ ಬಾತ್‌ರೂಮ್ ಬಾಗಿಲು ಅಳೆದು ನೋಡಲಿ. ಬ್ರೇಕ್ ಹಿಡಿಯುತ್ತಾ, ಮುಂದಿನ ಪುಟ್ಟ ಚಕ್ರದಲ್ಲಿ ಕೂದಲು ಸುತ್ತಿಕೊಂಡಿದೆಯಾ ನೋಡಿ. ವಾಕರ್, ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಹೊಸದು ಹಾಕಿಸಿ, ಒದ್ದೆ ಟೈಲ್ಸ್ ಮೇಲೆ ಹಿಡಿಯೋದು ಅದೊಂದೇ. ಬ್ಯಾಟರಿ ಕುರ್ಚಿಯನ್ನು ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಇಟ್ಟಿದ್ದರೆ ಬ್ಯಾಟರಿ ಹೋಗಿರಬಹುದು, ಅದನ್ನು ಮೊದಲೇ ಹೇಳಿ. ಕುಶನ್ ಮಾತ್ರ ಹಳೇದು ಕೊಡಬೇಡಿ.

ನಮ್ಮ ಸೊಸೈಟಿಯಲ್ಲಿ ಈಗ ಸೆಕ್ಯೂರಿಟಿ ಕೋಣೆಯ ಹಿಂದೆ ಒಂದು ಕಬ್ಬಿಣದ ಬೀರು ಇದೆ. ಒಳಗೆ ಎರಡು ವಾಕರ್, ಒಂದು ಕಮೋಡ್ ಚೇರ್, ನಾಲ್ಕು ಊರುಗೋಲು, ಒಂದು ಟೇಪು, ಒಂದು ನೋಟ್‌ಬುಕ್ಕು. ಡೆಪಾಸಿಟ್ 500 ರೂಪಾಯಿ. ಅಮ್ಮನ ಕುರ್ಚಿ ಸದ್ಯ ಬೀರುವಿನಲ್ಲಿ ಇಲ್ಲ, ಬಿ ವಿಂಗ್‌ನಲ್ಲಿದೆ.