ಬಳ್ಳಾರಿ ರಂಗಪರಂಪರೆ

ಬಳ್ಳಾರಿ ನಗರ ಮತ್ತು ಸುತ್ತಲಿನ ಸಿರುಗುಪ್ಪ, ಕುರುಗೋಡು ಸೀಮೆಯ ನಾಟಕ ಸಂಪ್ರದಾಯ. ಮದರಾಸು ಆಡಳಿತದಲ್ಲಿದ್ದ ಈ ಊರಿನಲ್ಲಿ ತೆಲುಗು ನಾಟಕವೂ ಕನ್ನಡ ನಾಟಕವೂ ಜೊತೆಜೊತೆಯಾಗಿ ಬೆಳೆದವು. ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಸರಸವಿನೋದಿನಿ ಸಭೆಯನ್ನು ಕಟ್ಟಿದರೆ, ಕೋಲಾಚಲಂ ಶ್ರೀನಿವಾಸರಾಯರು (1854–1919) ಸುಮನೋರಮಾ ಸಭೆಯನ್ನು ನಡೆಸಿದರು. ಒಂದೇ ಊರಿನ ಈ ಎರಡು ಸಭೆಗಳ ಪೈಪೋಟಿಯೇ ಪ್ರೇಕ್ಷಕರ ಅಭಿರುಚಿಯನ್ನು ತಿದ್ದಿತೆನ್ನಬೇಕು.

ಈ ಪರಂಪರೆಯ ಶಿಖರ ಬಳ್ಳಾರಿ ರಾಘವ (1880–1946). ಹಗಲು ನ್ಯಾಯಾಲಯ, ರಾತ್ರಿ ರಂಗ. ಶ್ರೀನಿವಾಸರಾಯರ ರಾಮರಾಜು ನಾಟಕದಲ್ಲಿ ಅವರು ಮಾಡಿದ ಪಠಾಣ್ ರುಸ್ತುಂ ಪಾತ್ರ ಮನೆಮಾತಾಯಿತು. ಪದ್ಯವನ್ನು ರಾಗವಾಗಿ ಎಳೆದೆಳೆದು ಹಾಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ಅವರು ಮಾತು, ಮೌನ, ಕಣ್ಣನೋಟಗಳಿಂದಲೇ ಪಾತ್ರ ಕಟ್ಟಿದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡಬೇಕೆಂದು ಪಟ್ಟುಹಿಡಿದರು. ಇದು ಅವರ ದೊಡ್ಡ ಕಾಣಿಕೆ. 1936ರ ‘ದ್ರೌಪದೀ ಮಾನಸಂರಕ್ಷಣಂ’, 1939ರ ‘ರೈತುಬಿಡ್ಡ’ ಚಿತ್ರಗಳಲ್ಲೂ ನಟಿಸಿದರು. ನಗರದ ರಾಘವ ಕಲಾಮಂದಿರ ಅವರ ಸ್ಮಾರಕ.

ಹಳ್ಳಿಗಳಲ್ಲಿ ಕಟ್ಟಡದ ಹಂಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ, ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಸಂದರ್ಭಗಳಲ್ಲಿ, ಅಟ್ಟ ಕಟ್ಟಿ ಬಯಲಾಟ ಆಡುವುದು ಈ ಸೀಮೆಯ ರೂಢಿ. ಕಂಪನಿ ನಾಟಕಗಳು ಬಂದರೆ ತಗಡಿನ ಥಿಯೇಟರು, ಅರಮನೆ–ಕಾಡುಗಳ ಬಣ್ಣದ ಪರದೆ, ಕಾಲು ಹಾರ್ಮೋನಿಯಂ. ರಂಗಗೀತೆಗೆ ‘ಒನ್ಸ್ ಮೋರ್’ ಬಿದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಿತ್ತು. ಸುಭದ್ರಮ್ಮ ಮನ್ಸೂರು ಈ ವೃತ್ತಿರಂಗದ ಹೆಸರಾಂತ ಗಾಯಕ ನಟಿ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ರಂಗಭೂಮಿ, ಗಮಕ ಎರಡರಲ್ಲೂ ದುಡಿದ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವೂ ನಗರದಲ್ಲಿದೆ.