ರಕ್ತದ ಕಿರುತಟ್ಟೆಗಳೂ ರಕ್ತಸ್ತಂಭನದ ವಿಚಾರವೂ

ಗಾಯವಾದೆಡೆಯಲ್ಲಿ ಹರಿಯುವ ನೆತ್ತರು ತಾನಾಗಿ ನಿಲ್ಲುವುದರಲ್ಲಿ ಎರಡು ಭಿನ್ನವಾದ ಕಾರ್ಯಗಳು ಅಡಗಿವೆ. ಒಡೆದ ನಾಳದ ಭಿತ್ತಿಗೆ ರಕ್ತದ ಸೂಕ್ಷ್ಮಕಣಗಳು ಅಂಟಿಕೊಂಡು ಕಂಡಿಯನ್ನು ಮುಚ್ಚುವುದು ಒಂದು. ದ್ರವರೂಪವಾದ ರಕ್ತವು ಹೆಪ್ಪುಗಟ್ಟುವುದು ಮತ್ತೊಂದು. ಸುಶ್ರುತಸಂಹಿತೆಯ ಶೋಣಿತವರ್ಣನೀಯಾಧ್ಯಾಯದಲ್ಲಿ ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ ನಾಲ್ಕು ಉಪಾಯಗಳು ಉಕ್ತವಾಗಿದ್ದು, ವ್ರಣವನ್ನು ಕೂಡಿಸುವ ಸಂಧಾನವೂ ರಕ್ತವನ್ನು ಗಟ್ಟಿಗೊಳಿಸುವ ಸ್ಕಂದನವೂ ಬೇರೆಬೇರೆಯಾಗಿಯೇ ಪರಿಗಣಿತವಾಗಿವೆ. ಇಷ್ಟರಿಂದಲೇ ಪ್ರಾಚೀನರು ಈ ಕಣಗಳನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅಲ್ಲಿರುವುದು ಚಿಕಿತ್ಸಾಭೇದ, ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟಿರುವ ಕಣಗಳು ಸೂಕ್ಷ್ಮದರ್ಶಕವಿಲ್ಲದೆ ಕಣ್ಣಿಗೆ ಬೀಳತಕ್ಕವಲ್ಲ.

ಪ್ಯಾರಿಸ್ಸಿನ ಡೊನ್ನೆ ಎಂಬಾತನು ೧೮೪೨ರಲ್ಲಿ ಈ ಕಣಗಳನ್ನು ಕಂಡಂತೆ ತೋರುತ್ತದೆ. ೧೮೬೫ರಲ್ಲಿ ಬಾನ್ ನಗರದ ಮ್ಯಾಕ್ಸ್ ಶುಲ್ಟ್ಸೆಯು ಅವುಗಳನ್ನು ಚೆನ್ನಾಗಿ ವರ್ಣಿಸಿದನು. ೧೮೭೪ರಲ್ಲಿ ಆಸ್ಲರನು, ಇಲಿಯ ಸಿರೆಯೊಳಗೆ ಬಿಡಿಬಿಡಿಯಾಗಿರುವ ಅವು ಹೊರಗೆ ತೆಗೆದೊಡನೆ ಮುದ್ದೆಗಟ್ಟುವುವೆಂದು ತೋರಿಸಿದನು. ಆದರೂ ಅವು ಬಿಳಿಯ ಕಣಗಳ ಚೂರುಗಳೆಂಬ ಶಂಕೆ ಹೋಗಲಿಲ್ಲ. ನಾಳಭಿತ್ತಿಯ ಮೇಲೆ ಬೆಳೆಯುವ ಬೆಳ್ಳನೆಯ ಗಡ್ಡೆಯೂ ಬಿಳಿಯ ಕಣಗಳಿಂದಲೇ ಆದುದೆಂದು ತ್ಸಾನ್ ಎಂಬ ವಿದ್ವಾಂಸನ ಮತವಾಗಿತ್ತು.

ಈ ಸಂಶಯವನ್ನು ೧೮೮೨ರಲ್ಲಿ ಪರಿಹರಿಸಿದವನು ಇಟಲಿಯ ಟ್ಯೂರಿನ್ ನಗರದ ಜೂಲಿಯೊ ಬಿಜೊಜೆರೊ. ಸತ್ತ ರಕ್ತವನ್ನು ಗಾಜಿನ ಮೇಲೆ ನೋಡಿ ವಾದಿಸುವುದನ್ನು ಬಿಟ್ಟು, ಜೀವಂತವಾಗಿದ್ದ ಪ್ರಾಣಿಗಳ ಕರುಳಪೊರೆಯ ಸಣ್ಣ ನಾಳಗಳಲ್ಲಿ ಹರಿಯುತ್ತಿದ್ದ ರಕ್ತವನ್ನೇ ಆತನು ಪರೀಕ್ಷಿಸಿದನು. ಭಿತ್ತಿಗೆ ಪೆಟ್ಟಾದೊಡನೆ ಮೊದಲು ಅಲ್ಲಿಗೆ ಅಂಟಿದವು ಈ ಕಣಗಳು; ಬಿಳಿಯವು ಬಳಿಕ ಸಿಕ್ಕಿಕೊಂಡವು. ಆತನು ಕೊಟ್ಟ ಇಟಾಲಿಯನ್ ಹೆಸರಿಗೆ ಚಿಕ್ಕ ತಟ್ಟೆಗಳೆಂದೇ ಅರ್ಥ. ಆದಕಾರಣ ಡೆಂಗೀ ಜ್ವರದ ದಿನಗಳಲ್ಲಿ ವೃತ್ತಪತ್ರಿಕೆಗಳು ಬಳಸುವ ಪ್ಲೇಟ್‌ಲೆಟ್ ಎಂಬ ಪದವೂ ಪಾಠಪುಸ್ತಕಗಳ ಕಿರುತಟ್ಟೆಯೆಂಬ ಪದವೂ ಮೂಲಕ್ಕೆ ಸಮೀಪವಾಗಿಯೇ ಇವೆ. ಅಸ್ಥಿಮಜ್ಜೆಯ ದೈತ್ಯಕೋಶಗಳನ್ನು ವರ್ಣಿಸಿದವನೂ ಬಿಜೊಜೆರೊವೇ. ಆದರೆ ಕಿರುತಟ್ಟೆಗಳು ಆ ಕೋಶಗಳಿಂದಲೇ ಹುಟ್ಟುವುವೆಂಬುದನ್ನು ೧೯೦೬ರಲ್ಲಿ ಬಾಸ್ಟನ್ನಿನ ರೈಟ್ ಎಂಬಾತನು ತಿಳಿಸಬೇಕಾಯಿತು.

೧೯೧೦ರಲ್ಲಿ ಅಮೆರಿಕದ ಡ್ಯೂಕ್ ಎಂಬ ವೈದ್ಯನು ಕಿವಿಯ ಹಾಲೆಯಲ್ಲಿ ಸಣ್ಣ ಗಾಯಮಾಡಿ, ಅರ್ಧ ನಿಮಿಷಕ್ಕೊಮ್ಮೆ ಹೀರುಕಾಗದದಿಂದ ಒತ್ತಿ, ರಕ್ತ ನಿಲ್ಲುವ ಕಾಲವನ್ನು ಅಳೆಯುವ ಕ್ರಮವನ್ನು ತಂದನು. ಕಿರುತಟ್ಟೆಗಳು ತೀರ ಕಡಮೆಯಾದವರಲ್ಲಿ ರಕ್ತವು ಕೊಳವೆಯಲ್ಲಿ ಸಕಾಲಕ್ಕೆ ಹೆಪ್ಪುಗಟ್ಟಿದರೂ ಗಾಯದಿಂದ ಹರಿಯುವುದು ನಿಲ್ಲುತ್ತಿರಲಿಲ್ಲ. ಎರಡು ಕಾರ್ಯಗಳ ಭೇದವು ಇಲ್ಲಿ ಸ್ಪಷ್ಟವಾಯಿತು.

ಇದಕ್ಕಿಂತ ಗಹನವಾದ ಪ್ರಶ್ನೆಯು ಫಿನ್ಲೆಂಡ್ ಸ್ವೀಡನ್ನುಗಳ ನಡುವಣ ಓಲಾಂಡ್ ದ್ವೀಪಸಮೂಹದಿಂದ ಬಂದಿತು. ೧೯೨೪ರಲ್ಲಿ ಅಲ್ಲಿನ ಫಗ್ಲೊ ಎಂಬ ಊರಿನ ಐದು ವರ್ಷದ ಹುಡುಗಿಯನ್ನು ಹೆಲ್ಸಿಂಕಿಯ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡನ ಬಳಿಗೆ ಕರೆತಂದರು. ಆಕೆಯ ಒಡಹುಟ್ಟಿದವರಲ್ಲಿ ಕೆಲವರು ಎಳೆತನದಲ್ಲಿಯೇ ರಕ್ತಸ್ರಾವದಿಂದ ತೀರಿಹೋಗಿದ್ದರು. ವಿಲ್ಲೆಬ್ರಾಂಡನು ಆ ವಂಶದ ೬೬ ಮಂದಿಯನ್ನು ವಿಚಾರಿಸಲಾಗಿ ೨೩ ಮಂದಿಗೆ ಈ ಬಾಧೆ ಇದ್ದಿತು. ಹಿಮೋಫಿಲಿಯಾ ಎಂಬ ಕುಸುಮರೋಗವು ಬಹುಮಟ್ಟಿಗೆ ಗಂಡಸರದು. ಇಲ್ಲಿಯಾದರೋ ಹೆಂಗಸರೂ ಬಳಲುತ್ತಿದ್ದರು. ಕಿರುತಟ್ಟೆಗಳ ಸಂಖ್ಯೆಯಲ್ಲಿ ನ್ಯೂನತೆಯಿಲ್ಲ, ಹೆಪ್ಪುಗಟ್ಟುವ ಕಾಲವೂ ಸರಿ. ಆದರೂ ಡ್ಯೂಕನ ಕ್ರಮದಿಂದ ಅಳೆದಾಗ ರಕ್ತ ನಿಲ್ಲಲು ಅತಿದೀರ್ಘ ಕಾಲ ಹಿಡಿಯುತ್ತಿತ್ತು. ೧೯೨೬ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಆತನು, ಇದು ಹೊಸ ರೋಗವೆಂದೂ ಕಿರುತಟ್ಟೆಗಳ ಕಾರ್ಯದಲ್ಲಿಯೂ ನಾಳಭಿತ್ತಿಯಲ್ಲಿಯೂ ದೋಷವಿರಬೇಕೆಂದೂ ಅಭಿಪ್ರಾಯಪಟ್ಟನು. ಆ ಹುಡುಗಿಯು ತನ್ನ ಹದಿಮೂರನೆಯ ವಯಸ್ಸಿನಲ್ಲಿ, ನಾಲ್ಕನೆಯ ಮುಟ್ಟಿನ ಸ್ರಾವವು ನಿಲ್ಲದೆ ಮೃತಳಾದಳು.

ವಿಲ್ಲೆಬ್ರಾಂಡನು ೧೯೪೯ರಲ್ಲಿ ಗತಿಸಿದನು, ನಿರ್ಣಯವಾದದ್ದು ಅನಂತರ. ೧೯೫೭ರ ಸುಮಾರಿಗೆ ಸ್ವೀಡನ್ನಿನ ಇಂಗಾ ಮರೀ ನಿಲ್ಸನ್, ಮಾರ್ಗರೆಟಾ ಬ್ಲೊಂಬೆಕ್ ಮೊದಲಾದವರು ಆರೋಗ್ಯವಂತರ ರಕ್ತರಸದಿಂದ ಬೇರ್ಪಡಿಸಿದ ಒಂದು ಅಂಶವನ್ನು ಕೊಟ್ಟಾಗ ರೋಗಿಗಳ ಸ್ರಾವವು ನಿಂತಿತು. ಹಿಮೋಫಿಲಿಯಾ ರೋಗಿಯ ರಕ್ತರಸದಿಂದ ತೆಗೆದ ಅಂಶವೂ ಹಾಗೆಯೇ ಫಲಿಸಿತು. ಅವರು ಓಲಾಂಡಿಗೂ ಹೋಗಿ ಆ ಮನೆತನದವರ ರಕ್ತವನ್ನು ಪರೀಕ್ಷಿಸಿದರು. ಕೊರತೆಯು ಕಿರುತಟ್ಟೆಯಲ್ಲಲ್ಲ, ರಕ್ತರಸದಲ್ಲಿ ಎಂದಾಯಿತು. ಅಲ್ಲಿ ಇರಬೇಕಾದ ಪ್ರೋಟೀನನ್ನು ೧೯೭೧ರಲ್ಲಿ ಅಮೆರಿಕದ ಸಂಶೋಧಕರು ಗುರುತಿಸಿದರು. ಅದು ಇಂದು ವಿಲ್ಲೆಬ್ರಾಂಡನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಈ ಪ್ರೋಟೀನು ಉದ್ದವಾದ ಎಳೆ. ರಕ್ತದಲ್ಲಿ ಸುರುಳಿಯಾಗಿ ತೇಲುತ್ತಿರುತ್ತದೆ. ನಾಳದ ಒಳಪದರವು ಹರಿದು ಕೆಳಗಿನ ಕೊಲಾಜೆನ್ ಎಂಬ ನಾರು ಬಯಲಾದಾಗ ಅದಕ್ಕೆ ಅಂಟಿಕೊಂಡು, ಹರಿವಿನ ಸೆಳೆತದಿಂದ ಬಿಚ್ಚಿಕೊಳ್ಳುತ್ತದೆ. ಧಾವಿಸಿ ಹೋಗುತ್ತಿರುವ ಕಿರುತಟ್ಟೆಗಳು ಆ ಎಳೆಯನ್ನು ಹಿಡಿದು, ವೇಗ ತಗ್ಗಿ, ಭಿತ್ತಿಯ ಮೇಲೆ ನಿಲ್ಲುತ್ತವೆ. ಹಾಗೆ ಹಿಡಿಯುವ ಕೈಯೇ ಇಲ್ಲದ ರೋಗವನ್ನು ೧೯೪೮ರಲ್ಲಿ ಪ್ಯಾರಿಸ್ಸಿನ ಬರ್ನಾರ್ ಮತ್ತು ಸೂಲಿಯೇ ವರ್ಣಿಸಿದ್ದರು. ನಿಂತ ಕಿರುತಟ್ಟೆಗಳು ಆಕಾರ ಬದಲಿಸಿ, ಬೇರೆ ದ್ರವ್ಯಗಳನ್ನು ಚೆಲ್ಲಿ ನೆರೆಯವನ್ನು ಕರೆಯುತ್ತವೆ; ಫೈಬ್ರಿನೊಜನ್ ಅವುಗಳನ್ನು ಪರಸ್ಪರ ಬೆಸೆಯುತ್ತದೆ; ಆಮೇಲೆ ಫೈಬ್ರಿನ್ನಿನ ಜಾಲವು ಹೆಣೆದುಕೊಂಡು ಗಡ್ಡೆಯನ್ನು ಬಿಗಿಯುತ್ತದೆ. ಈ ಬಂಧನವೇ ಹೃದಯದ ನಾಳದೊಳಗೆ ಅಕಾಲದಲ್ಲಿ ಆದರೆ ಹೃದಯಾಘಾತವಾಗುತ್ತದೆ.

ವಿಲ್ಲೆಬ್ರಾಂಡನು ನಾಳಭಿತ್ತಿಯನ್ನು ಸಂದೇಹಿಸಿದ್ದು ನಿರಾಧಾರವಾಗಿರಲಿಲ್ಲ. ಆ ಎಳೆಯು ಬಹುಪಾಲು ನಾಳದ ಒಳಪದರದ ಕೋಶಗಳಲ್ಲಿಯೇ ತಯಾರಾಗಿ ಅಲ್ಲಿಯೇ ಸಂಗ್ರಹವಾಗಿರುತ್ತದೆ. ಆ ಸಂಗ್ರಹವನ್ನು ರಕ್ತಕ್ಕೆ ಬಿಡಿಸುವ ಡೆಸ್ಮೊಪ್ರೆಸಿನ್ ಎಂಬ ಔಷಧವನ್ನು ೧೯೭೭ರಲ್ಲಿ ಇಟಲಿಯ ವೈದ್ಯರು ಈ ರೋಗಕ್ಕೆ ಪ್ರಯೋಗಿಸಿ ಸಫಲರಾದರು.