ಸ್ತ್ರೀಧನ, ಠಾಣೆ, ಆಸ್ಪತ್ರೆ: ನಾಸಿಕ ಮತ್ತು ಸಂಭಾಜಿನಗರಗಳಲ್ಲಿ ಗೃಹದೌರ್ಜನ್ಯ ಪರಿಹಾರದ ಚರಿತ್ರೆ

ಗೋದಾವರಿಯ ದಡದ ನಾಸಿಕವೂ ದೇವಗಿರಿಯ ಮಗ್ಗುಲಿನ ಔರಂಗಾಬಾದೂ (೨೦೨೩ರಿಂದ ಇದರ ಹೆಸರು ಛತ್ರಪತಿ ಸಂಭಾಜಿನಗರ) ಕನ್ನಡ ಸಂಶೋಧಕರಿಗೆ ಅಪರಿಚಿತವಾದ ಊರುಗಳಲ್ಲ. ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಒಯ್ದುದನ್ನು, ರಾಷ್ಟ್ರಕೂಟ ಒಂದನೆಯ ಕೃಷ್ಣನು ಎಲ್ಲೋರದಲ್ಲಿ ಕೈಲಾಸವನ್ನು ಕೊರೆಯಿಸಿದುದನ್ನು, ದೇವಗಿರಿಯ ಸೇವುಣರು ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದುದನ್ನು ವಾಚಕರು ಹಲವು ಸಲ ಓದಿದ್ದಾರೆ. ಆದರೆ ಈ ಎರಡು ನಗರಗಳಿಗೂ ನಮ್ಮ ನಾಡಿಗೂ ಇರುವ ಇನ್ನೊಂದು ಸಂಬಂಧವು ಕಲ್ಲಿನ ಮೇಲೆ ಕಂಡರಿಸಿದುದಲ್ಲ. ಅದನ್ನು ಕಾಯಿದೆಯ ಪುಟಗಳಲ್ಲಿಯೂ ಠಾಣೆಯ ಜಗುಲಿಯಲ್ಲಿಯೂ ಆಸ್ಪತ್ರೆಯ ಅಪಘಾತ ವಿಭಾಗದಲ್ಲಿಯೂ ಅರಸಬೇಕು. ಗಂಡನ ಮನೆಯಲ್ಲಿಯೋ ತವರಿನಲ್ಲಿಯೋ ಪೆಟ್ಟು ತಿಂದ ಹೆಣ್ಣು ಹೊಸ್ತಿಲು ದಾಟಿ ಹೊರಬಂದಾಗ ಅವಳ ಕೈ ಹಿಡಿಯಲು ಊರಿನಲ್ಲಿ ಯಾರಿದ್ದರು, ಮುಂದೆ ಯಾರು ಯಾರು ಬಂದರು, ಅವರು ಒಬ್ಬರೊಡನೊಬ್ಬರು ಹೇಗೆ ಕೂಡಿ ನಡೆದರು ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಸ್ತ್ರೀಧನದ ಮಾತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವು ಬಂಗಾಳ ಮೊದಲಾದ ಕೆಲವು ಕಡೆಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ನ್ಯಾಯಕ್ಕೆ ಆಧಾರವಾಯಿತು. ನಾಸಿಕ, ಔರಂಗಾಬಾದುಗಳೂ ಆ ವ್ಯಾಪ್ತಿಗೆ ಸೇರಿದವು. ಸ್ತ್ರೀಧನವೆಂಬುದು ಕೆಲವೇ ಬಗೆಯ ಉಡುಗೊರೆಗಳಿಗೆ ಕಟ್ಟಿಟ್ಟ ಪಾರಿಭಾಷಿಕ ಶಬ್ದವಲ್ಲ, ಹೆಣ್ಣಿನದಾದ ಧನವೆಲ್ಲವೂ ಸ್ತ್ರೀಧನವೇ, ದಾಯವಾಗಿ ಬಂದುದೂ ಕ್ರಯಕ್ಕೆ ಕೊಂಡುದೂ ಅದರಲ್ಲಿ ಸೇರುತ್ತದೆ ಎಂದು ಆತನು ವ್ಯಾಖ್ಯಾನಿಸಿದನು. ಕ್ಷಾಮ, ಧರ್ಮಕಾರ್ಯ, ರೋಗ, ಸೆರೆ ಎಂಬ ಸಂಕಟಗಳಲ್ಲಿ ತೆಗೆದುಕೊಂಡುದನ್ನುಳಿದು ಗಂಡನು ಅದನ್ನು ಹಿಂದಿರುಗಿಸಲೇಬೇಕೆಂಬುದು ಮೂಲಸ್ಮೃತಿಯ ಧ್ವನಿ. ಇದನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುವುದು ಸರಿಯಲ್ಲ. ಹೆಂಡತಿ ತಪ್ಪಿದರೆ ಹಗ್ಗದಿಂದಲೋ ಬಿದಿರ ಸೀಳಿನಿಂದಲೋ ಬೆನ್ನಿಗೆ ಹೊಡೆಯಬಹುದೆಂಬ ವಿಧಿಯೂ ಮನುಸ್ಮೃತಿಯಲ್ಲಿ ಉಂಟು. ಅವಳ ಪೆಟ್ಟಿಗೆಯ ಮೇಲೆ ಅವಳಿಗೆ ಒಡೆತನವಿತ್ತು, ಬೆನ್ನಿನ ಮೇಲೆ ಇರಲಿಲ್ಲ. ಈ ಕೊರತೆಯನ್ನು ತುಂಬಲು ಎಂಟು ಶತಮಾನಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು.

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಈ ಎರಡು ನಗರಗಳ ಹಾದಿ ಬೇರೆಬೇರೆಯಾಗಿತ್ತು. ನಾಸಿಕವು ಮುಂಬಯಿ ಪ್ರಾಂತದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಜೊತೆಗಿತ್ತು. ಔರಂಗಾಬಾದು ನಿಜಾಮನ ರಾಜ್ಯದಲ್ಲಿ ಕಲಬುರ್ಗಿ, ಬೀದರ, ರಾಯಚೂರುಗಳ ಜೊತೆಗಿತ್ತು. ಕನ್ನಡ ನಾಡು ಹೇಗೆ ಹರಿದು ಹಂಚಿತ್ತೋ ಮರಾಠಿ ನಾಡೂ ಹಾಗೆಯೇ. ಕಾಯಿದೆಯ ಮಟ್ಟಿಗೆ ಧಾರವಾಡದ ಹೆಣ್ಣಿಗೂ ನಾಸಿಕದ ಹೆಣ್ಣಿಗೂ ಒಂದೇ ಗತಿ, ಕಲಬುರ್ಗಿಯವಳಿಗೂ ಔರಂಗಾಬಾದಿನವಳಿಗೂ ಇನ್ನೊಂದೇ ಗತಿ. ೧೯೪೬ರಲ್ಲಿ ಕೇಂದ್ರ ಶಾಸನಸಭೆಯು ವಿವಾಹಿತ ಹಿಂದೂ ಸ್ತ್ರೀಯರಿಗೆ ಪ್ರತ್ಯೇಕ ವಾಸ ಮತ್ತು ಜೀವನಾಂಶದ ಹಕ್ಕನ್ನು ಕೊಟ್ಟಿತು. ಕೂಡಿ ಬಾಳುವುದು ಅಪಾಯಕರವೆನಿಸುವಷ್ಟು ಕ್ರೌರ್ಯವು ಅದಕ್ಕೆ ಒಂದು ಕಾರಣವಾಗಿತ್ತು. ಇದರ ಹಿಂದೆ ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗರಾಯರ ಅಧ್ಯಕ್ಷತೆಯ ಹಿಂದೂ ಕಾಯಿದೆ ಸಮಿತಿಯ ಪರಿಶ್ರಮವಿತ್ತು. ರಾಯರನ್ನು ಸಂವಿಧಾನದ ಸಂಬಂಧದಲ್ಲಿ ನೆನೆಯುವವರು ಈ ಸಣ್ಣ ಕಾಯಿದೆಯನ್ನು ಮರೆಯುವುದು ವಿಷಾದಕರ. ಮರುವರ್ಷ, ೧೯೪೭ರಲ್ಲಿ, ಮುಂಬಯಿ ಪ್ರಾಂತವು ಹಿಂದೂ ವಿಚ್ಛೇದನ ಕಾಯಿದೆಯನ್ನು ಮಾಡಿತು. ಇವೆರಡೂ ಬ್ರಿಟಿಷ್ ಆಡಳಿತದ ಪ್ರದೇಶಕ್ಕೆ ಸೇರಿದ ಮಾತು. ನಿಜಾಮನ ಗಡಿಯೊಳಗೆ ಅವುಗಳಿಗೆ ಪ್ರವೇಶವಿರಲಿಲ್ಲ. ೧೯೫೫ರ ಹಿಂದೂ ವಿವಾಹ ಕಾಯಿದೆಯು ಎಲ್ಲರಿಗೂ ಒಂದೇ ನೆಲೆಯನ್ನು ತಂದಿತಾದರೂ ಕ್ರೌರ್ಯವೊಂದೇ ವಿಚ್ಛೇದನಕ್ಕೆ ಸಾಕೆಂಬುದು ೧೯೭೬ರ ತಿದ್ದುಪಡಿಯವರೆಗೆ ಅದರಲ್ಲಿ ಇರಲಿಲ್ಲ. ೧೯೫೬ನೆಯ ನವೆಂಬರ್ ೧ರಂದು ಧಾರವಾಡವು ಮುಂಬಯಿಯ ಮನೆಯಿಂದ ಹೊರಟಿತು, ಅದೇ ದಿನ ಔರಂಗಾಬಾದು ಆ ಮನೆಗೆ ಬಂದಿತು.

ಕಾಯಿದೆಗಳು ಹೀಗೆ ಬಂದರೂ ಊರಿನಲ್ಲಿ ಹೆಣ್ಣಿಗೆ ಎದುರಾಗುತ್ತಿದ್ದುದು ತವರುಮನೆ ಮತ್ತು ಜಾತಿಯ ಪಂಚರು. ತವರು ಕಣ್ಣೀರೊರೆಸಿ ತಿರುಗಿ ಕಳುಹಿಸುತ್ತಿತ್ತು. ಪಂಚರು ಕುಲದ ಮಾನವನ್ನು ಮುಂದಿಟ್ಟು ತೀರ್ಪು ಹೇಳುತ್ತಿದ್ದರು. ಇದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ೨೦೧೩ರಲ್ಲಿ ನಾಸಿಕದಲ್ಲಿ ಅನ್ಯಜಾತಿಯವನನ್ನು ವರಿಸಿದ ಗರ್ಭಿಣಿಯೊಬ್ಬಳನ್ನು ಹೆತ್ತ ತಂದೆಯೇ ಕೊಂದನು. ಆ ಬಳಿಕ ಡಾ. ನರೇಂದ್ರ ದಾಭೋಲ್ಕರರ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯು ಜಾತಿ ಪಂಚಾಯತಿಗಳ ವಿರುದ್ಧ ನಾಸಿಕದಿಂದಲೇ ಚಳುವಳಿ ಹೂಡಿತು. ಅದೇ ವರ್ಷದ ಆಗಸ್ಟ್ ೨೦ರಂದು ದಾಭೋಲ್ಕರರು ಪುಣೆಯಲ್ಲಿ ಕೊಲೆಗೀಡಾದರೂ ಚಳುವಳಿ ನಿಲ್ಲಲಿಲ್ಲ. ಸಾಮಾಜಿಕ ಬಹಿಷ್ಕಾರವನ್ನು ನಿಷೇಧಿಸುವ ಮಹಾರಾಷ್ಟ್ರದ ೨೦೧೬ರ ಕಾಯಿದೆಗೆ ಅದು ಕಾರಣವಾಯಿತು. ಪೆಟ್ಟು ಗಂಡನ ಮನೆಯಿಂದ ಮಾತ್ರ ಬರುವುದಿಲ್ಲ, ತವರೂ ಅದರ ಮೂಲವಾಗಬಹುದೆಂಬುದಕ್ಕೆ ಈ ಒಂದು ಪ್ರಸಂಗ ಸಾಕು.

ಇನ್ನು ಪೋಲೀಸು ಠಾಣೆಯ ವಿಚಾರ. ಗಂಡ ಹೊಡೆದನೆಂದು ಹೇಳಿಕೊಂಡು ಬಂದವಳ ದೂರನ್ನು ಸಾಮಾನ್ಯ ಪೆಟ್ಟಿನ ಪ್ರಕರಣವೆಂದು 'ಎನ್. ಸಿ.' ಪುಸ್ತಕದಲ್ಲಿ ಬರೆದು ಕಳುಹಿಸುವುದು ಮಹಾರಾಷ್ಟ್ರದ ಠಾಣೆಗಳ ವಾಡಿಕೆಯಾಗಿತ್ತು. ಅಂಥ ಪ್ರಕರಣದಲ್ಲಿ ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಪೋಲೀಸರು ತನಿಖೆ ನಡೆಸುವಂತಿಲ್ಲ. ೧೯೮೩ರಲ್ಲಿ ದಂಡಸಂಹಿತೆಗೆ ೪೯೮-ಎ ಕಲಮು ಸೇರಿ ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವು ಸ್ವತಂತ್ರ ಅಪರಾಧವಾಯಿತು (೨೦೨೪ನೆಯ ಜುಲೈಯಿಂದ ಇದು ಭಾರತೀಯ ನ್ಯಾಯಸಂಹಿತೆಯ ೮೫, ೮೬ನೆಯ ಕಲಮುಗಳಲ್ಲಿದೆ). ಆದರೆ ಠಾಣೆಗೆ ಬಂದವಳಿಗೆ ಬೇಕಾದುದು ಗಂಡನ ಸೆರೆಯೊಂದೇ ಆಗಿರಲಿಲ್ಲ. ಆ ರಾತ್ರಿ ಮಲಗಲು ಒಂದು ಕೋಣೆ, ಮಗುವಿನ ಶಾಲೆಯ ಪುಸ್ತಕ, ತನ್ನ ಒಡವೆ, ನಾಳೆಯ ಅನ್ನ, ಇವೆಲ್ಲ ಬೇಕಾಗಿದ್ದವು. ದಂಡಸಂಹಿತೆಗೆ ಇವು ಯಾವುವೂ ತಿಳಿಯವು.

ಇಲ್ಲಿಯೇ ೧೯೮೪ರಲ್ಲಿ ಮುಂಬಯಿಯಲ್ಲಿ ನಡೆದ ಪ್ರಯೋಗವು ಮಹತ್ತ್ವದ್ದೆಂದು ನಮಗೆ ತೋರುತ್ತದೆ. ಟಾಟಾ ಸಮಾಜವಿಜ್ಞಾನ ಸಂಸ್ಥೆಯು ಮುಂಬಯಿ ಪೋಲೀಸ್ ಆಯುಕ್ತರ ಕಚೇರಿಯೊಳಗೆ ಮಹಿಳೆಯರ ಮತ್ತು ಮಕ್ಕಳ ವಿಶೇಷ ಕೋಶವನ್ನು ತೆರೆಯಿತು. ಸಮಾಜಕಾರ್ಯದಲ್ಲಿ ಶಿಕ್ಷಣ ಪಡೆದ ಕಾರ್ಯಕರ್ತೆಯರು ಪೋಲೀಸರ ಮನೆಯಲ್ಲಿಯೇ ಮೇಜು ಹಾಕಿಕೊಂಡು ಕುಳಿತರು. ಆದರೆ ಅವರು ಪೋಲೀಸಿನವರಲ್ಲ. ಈ ಸಣ್ಣ ಏರ್ಪಾಡಿನಲ್ಲಿ ದೊಡ್ಡ ಗುಟ್ಟು ಅಡಗಿದೆ. ಹೆಣ್ಣು ಇನ್ನೊಂದು ಕಚೇರಿಯ ಮೆಟ್ಟಿಲನ್ನು ಹತ್ತಬೇಕಾಗಲಿಲ್ಲ, ಕಾರ್ಯಕರ್ತೆಯ ಮಾತಿಗೆ ಠಾಣೆಯ ಬಲವೂ ದೊರೆಯಿತು. ಕರೆ ಕಳುಹಿಸಿದರೆ ಗಂಡ ಬರುತ್ತಿದ್ದನು. ಒಡವೆ, ಪಾತ್ರೆ, ಕಾಗದಪತ್ರಗಳನ್ನು ತರಲು ಅವಳು ಹೋಗುವಾಗ ಪೋಲೀಸಿನವರು ಜೊತೆಗೆ ನಡೆಯುತ್ತಿದ್ದರು. ಸ್ತ್ರೀಧನವನ್ನು ಹಿಂದಕ್ಕೆ ಪಡೆಯುವುದು ಈ ಕೋಶಗಳ ದಿನನಿತ್ಯದ ಕೆಲಸಗಳಲ್ಲೊಂದಾಯಿತು. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕೂತು ಅರ್ಥ ಹೇಳಿದ ಶಬ್ದವನ್ನು ಮನೆಯ ಕಪಾಟಿನಿಂದ ಹೊರಕ್ಕೆ ತರಲು ಒಬ್ಬ ಪೇದೆ ಬೇಕಾಯಿತೆಂದರೆ ಅದು ಹಾಸ್ಯವಲ್ಲ. ೨೦೦೧ರ ಬಳಿಕ ಈ ಪದ್ಧತಿಯು ಮುಂಬಯಿಯನ್ನು ದಾಟಿ ಜಿಲ್ಲೆಗಳಿಗೆ ಹರಡಿತು. ೨೦೦೫ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಇದರ ಹೊಣೆಯನ್ನು ಹೊತ್ತುಕೊಂಡಿತು.

ಆಸ್ಪತ್ರೆಯು ಈ ಕೂಟಕ್ಕೆ ತಡವಾಗಿ ಬಂದುದು ಸೋಜಿಗವೇ ಸರಿ. ಏಕೆಂದರೆ ಪೆಟ್ಟು ತಿಂದವಳು ಠಾಣೆಗೆ ಹೋಗದಿದ್ದರೂ ವೈದ್ಯನ ಬಳಿಗೆ ಹೋಗುತ್ತಾಳೆ. ಜಾರಿ ಬಿದ್ದೆ, ಸ್ಟೋವ್ ಸಿಡಿಯಿತು, ತಪ್ಪಿ ಔಷಧ ಕುಡಿದೆ ಎಂದು ಅವಳು ಹೇಳುತ್ತಾಳೆ, ಹಿಂದೆ ಅತ್ತೆ ನಿಂತಿರುತ್ತಾಳೆ. ವೈದ್ಯನು ಗಾಯಕ್ಕೆ ಹೊಲಿಗೆ ಹಾಕುತ್ತಾನೆ, ಪ್ರಶ್ನೆ ಹಾಕುವುದಿಲ್ಲ. ಈ ಮೌನವನ್ನು ಮುರಿಯಲೆಂದು ಮುಂಬಯಿ ಮಹಾನಗರಪಾಲಿಕೆಯೂ 'ಸೇಹತ್' ಎಂಬ ಸಂಶೋಧನ ಸಂಸ್ಥೆಯೂ ಕೂಡಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ೨೦೦೦-೨೦೦೧ರ ಸುಮಾರಿಗೆ 'ದಿಲಾಸಾ' ಕೇಂದ್ರವನ್ನು ಆರಂಭಿಸಿದವು. ದಿಲಾಸಾ ಎಂದರೆ ಭರವಸೆ. ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವೈದ್ಯರಿಗಾಗಿ ಮಾರ್ಗಸೂಚಿಯನ್ನು ಹೊರಡಿಸಿತು. ಅದನ್ನು ನಮ್ಮ ದೇಶದ ಸರಕಾರೀ ಆಸ್ಪತ್ರೆಗಳಲ್ಲಿ ನಡೆಸಿ ನೋಡುವ ಕಾರ್ಯಕ್ಕೆ ಸೇಹತ್ ಆರಿಸಿಕೊಂಡ ಸ್ಥಳಗಳಲ್ಲಿ ಒಂದು ಔರಂಗಾಬಾದಿನ ಸರಕಾರೀ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜನರ ಬಾಯಲ್ಲಿ 'ಘಾಟಿ'. ಇನ್ನೊಂದು ಕನ್ನಡ ಕೇಳಿಬರುವ ಗಡಿಯ ಮಿರಜ. ಅಲ್ಲಿ ವೈದ್ಯರಿಗೂ ದಾದಿಯರಿಗೂ ಕಲಿಸಿದುದು ಸರಳವಾದ ಸಂಗತಿಗಳನ್ನು: ಜೊತೆಗೆ ಬಂದವರನ್ನು ಹೊರಗೆ ಕೂರಿಸುವುದು, ಕೇಳಿ ತಿಳಿಯುವುದು, ಅವಳ ಮಾತನ್ನು ನಂಬುವುದು, ಗಾಯವನ್ನೂ ಅದರ ಕಾರಣವನ್ನೂ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆಯುವುದು, ಮನೆಗೆ ಮರಳಿದರೆ ಜೀವಕ್ಕೆ ಅಪಾಯವುಂಟೇ ಎಂದು ವಿಚಾರಿಸುವುದು, ಮುಂದಿನ ಸಹಾಯಕ್ಕೆ ದಾರಿ ತೋರುವುದು. ಆ ದಿನ ಬರೆದ ಒಂದು ಸಾಲು ಎರಡು ವರ್ಷಗಳ ಬಳಿಕ ನ್ಯಾಯಾಲಯದಲ್ಲಿ ಅವಳ ಏಕೈಕ ಸಾಕ್ಷಿಯಾಗಬಹುದು.

ಈ ಚದುರಿದ ಪ್ರಯತ್ನಗಳಿಗೆ ಕಾಯಿದೆಯ ಒಂದು ಚೌಕಟ್ಟು ಒದಗಿದುದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಿಂದ. ೨೦೦೫ರಲ್ಲಿ ಅಂಗೀಕೃತವಾದ ಇದು ೨೦೦೬ನೆಯ ಅಕ್ಟೋಬರ್ ೨೬ರಿಂದ ಜಾರಿಗೆ ಬಂದಿತು. ಇದರ ಹಿಂದೆ ಎರಡು ದಶಕಗಳಿಗೂ ಮಿಕ್ಕಿದ ಸ್ತ್ರೀ ಚಳುವಳಿಯಿದೆ. ಮಂಗಳೂರಿನಲ್ಲಿ ಬೆಳೆದು, ತಾನು ಉಂಡ ನೋವನ್ನೇ ಆತ್ಮಕಥೆಯಾಗಿ ಬರೆದು, ಮುಂದೆ ವಕೀಲೆಯಾಗಿ ೧೯೯೧ರಲ್ಲಿ ಮುಂಬಯಿಯಲ್ಲಿ 'ಮಜ್ಲಿಸ್' ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಫ್ಲೇವಿಯಾ ಆಗ್ನೆಸ್ ಅವರನ್ನು ಇಲ್ಲಿ ನೆನೆಯದಿರಲಾಗದು. ಈ ಕಾಯಿದೆಯಂತೆ ಸಂರಕ್ಷಣಾಧಿಕಾರಿಯು ಹೆಣ್ಣಿನ ಹೇಳಿಕೆಯನ್ನು ಘಟನಾ ವರದಿಯಾಗಿ ಬರೆದು ನ್ಯಾಯಾಧೀಶರಿಗೆ ಸಲ್ಲಿಸಿ, ಅದರ ಪ್ರತಿಯನ್ನು ಠಾಣೆಗೆ ಕಳುಹಿಸಬೇಕು. ಆಶ್ರಯಗೃಹವೂ ಆಸ್ಪತ್ರೆಯೂ ಕೋರಿಕೆ ಬಂದಾಗ ನೆರವು ಕೊಡಲೇಬೇಕು. ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗುಂಟು. ಸ್ತ್ರೀಧನವನ್ನು ತಡೆಹಿಡಿಯುವುದು ಆರ್ಥಿಕ ದೌರ್ಜನ್ಯವೆಂದು ಎಣಿಸಲ್ಪಡುತ್ತದೆ, ಅದನ್ನು ಹಿಂದಿರುಗಿಸೆಂದು ನ್ಯಾಯಾಧೀಶರು ಆಜ್ಞಾಪಿಸಬಹುದು. ಪೆಟ್ಟಿಗೆ ಮತ್ತು ಬೆನ್ನು ಒಂದೇ ಕಾಯಿದೆಯ ಆಶ್ರಯಕ್ಕೆ ಬಂದವು.

ಚೌಕಟ್ಟು ಒಳ್ಳೆಯದು, ಮರ ಸಾಲದು. ಸಂರಕ್ಷಣಾಧಿಕಾರಿಯ ಹುದ್ದೆಯನ್ನು ಬೇರೆ ಕೆಲಸವಿರುವ ಅಧಿಕಾರಿಗಳ ಹೆಗಲಿಗೇ ಹಲವು ರಾಜ್ಯಗಳು ಹೊರಿಸಿದವು. ಜಿಲ್ಲೆ, ತಾಲೂಕುಗಳಲ್ಲಿ ಇವರನ್ನು ನಿಯಮಿಸಬೇಕೆಂದು ೨೦೨೫ನೆಯ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಬೇಕಾಯಿತು. ಅರ್ಜಿಯನ್ನು ೬೦ ದಿನಗಳಲ್ಲಿ ಮುಗಿಸಲು ಯತ್ನಿಸಬೇಕೆಂಬ ಮಾತು ಕಾಯಿದೆಯಲ್ಲಿದೆ. ನ್ಯಾಯಾಲಯಗಳನ್ನು ಬಲ್ಲವರು ಅದನ್ನು ಓದಿ ನಿಟ್ಟುಸಿರಿಡುತ್ತಾರೆ. ೨೦೧೫ರಿಂದ ಸಖಿ ಕೇಂದ್ರಗಳು ವೈದ್ಯ, ವಕೀಲ, ಪೋಲೀಸು, ತಂಗುವ ಕೋಣೆ ಇವನ್ನು ಒಂದೇ ಸೂರಿನಡಿ ತರಲು ಹೊರಟಿವೆ, ೧೮೧ ಸಹಾಯವಾಣಿಯೂ ಇದೆ. ಆದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೌರ್ಜನ್ಯಕ್ಕೊಳಗಾದವರಲ್ಲಿ ಸಹಾಯ ಯಾಚಿಸಿದವರು ದೇಶದಲ್ಲಿ ಶೇಕಡಾ ೧೪ ಮಾತ್ರ. ಅವರಲ್ಲಿಯೂ ಹೆಚ್ಚಿನವರು ಮೊರೆಹೊಕ್ಕುದು ತವರನ್ನೇ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕೆಯಿದೆ. ೧೮ರಿಂದ ೪೯ ವಯಸ್ಸಿನ ವಿವಾಹಿತೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಮಹಾರಾಷ್ಟ್ರದಲ್ಲಿ ಶೇಕಡಾ ೨೫.೨, ಕರ್ನಾಟಕದಲ್ಲಿ ೪೪.೪. ಹಿಂದಿನ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕೆ ೨೦.೬ ಇದ್ದಿತು. ಹೇಳಿಕೊಳ್ಳುವ ಧೈರ್ಯ ಬೆಳೆಯಿತೋ ಹಿಂಸೆಯೇ ಬೆಳೆಯಿತೋ ಎಂದು ಚರ್ಚಿಸಬಹುದು. ಆದರೆ ಪರನಾಡಿನಲ್ಲಿರುವ ನಾವು ಈ ವಿಷಯವನ್ನು ನೆರೆಮನೆಯ ಸಂಗತಿಯೆಂಬಂತೆ ಓದಲು ಆ ಅಂಕೆ ಅವಕಾಶವನ್ನು ಕೊಡುವುದಿಲ್ಲ. ಬದುಕನ್ನರಸಿ ಇಲ್ಲಿಗೆ ಬಂದ ಕನ್ನಡ ಕುಟುಂಬಗಳಲ್ಲಿ ಗಂಡಸಿಗೆ ಕೆಲಸದ ಜಾಗದಲ್ಲಿ ಮರಾಠಿ ಬೇಗ ಬರುತ್ತದೆ; ಮನೆಯಲ್ಲಿರುವ ಹೆಣ್ಣಿಗೆ ತಡವಾಗಿ. ತವರು ರೈಲಿನ ಒಂದು ರಾತ್ರಿಯಷ್ಟು ದೂರದಲ್ಲಿದೆ. ೨೦೦೬ರ ನಿಯಮಗಳಂತೆ ಸಂರಕ್ಷಣಾಧಿಕಾರಿಯು ಅವಳಿಗೆ ಕೊಡಬೇಕಾದ ಹಕ್ಕುಗಳ ತಿಳಿವಳಿಕೆಯ ಪತ್ರವು ಇಂಗ್ಲಿಷಿನಲ್ಲಿ ಅಥವಾ ಸ್ಥಳೀಯ ದೇಶಭಾಷೆಯಲ್ಲಿ ಇರತಕ್ಕದ್ದು. ನಾಸಿಕದಲ್ಲಿ ಆ ಭಾಷೆ ಕನ್ನಡವಲ್ಲ. ಅವಳ ಹೇಳಿಕೆಯನ್ನು ಮರಾಠಿಗೆ ತರುವವನು ಗಂಡನೇ ಆದರೆ ಆ ಹೇಳಿಕೆಯ ಬೆಲೆಯೇನು?

ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು ಎಂದು ಕಾಯಿದೆಯ ೪ನೆಯ ಕಲಮು ಹೇಳುತ್ತದೆ. ಪಕ್ಕದ ಮನೆಯವರಿಗೂ ಭಾಷಾಸಂಘದವರಿಗೂ ಇದು ಅನ್ವಯಿಸುತ್ತದೆ. ೨೭ನೆಯ ಕಲಮು ಇನ್ನೂ ಉಪಯುಕ್ತವಾದುದು. ಹೆಣ್ಣು ತಾತ್ಕಾಲಿಕವಾಗಿ ತಂಗಿರುವ ಊರಿನ ನ್ಯಾಯಾಧೀಶರ ಮುಂದೆಯೂ ಅರ್ಜಿ ಹಾಕಬಹುದು, ಅವರ ಆಜ್ಞೆ ಭಾರತದಾದ್ಯಂತ ನಡೆಯುತ್ತದೆ. ಸಂಭಾಜಿನಗರದ ಮನೆಯಿಂದ ಓಡಿಬಂದವಳು ಕಲಬುರ್ಗಿಯ ತವರಿನಲ್ಲಿ ಕುಳಿತು ಕನ್ನಡದಲ್ಲಿಯೇ ತನ್ನ ಕತೆಯನ್ನು ಹೇಳಬಹುದು, ಅಲ್ಲಿ ಪಡೆದ ಆಜ್ಞೆಯನ್ನು ಸಂಭಾಜಿನಗರದ ಠಾಣೆಯು ನಡೆಸಿಕೊಡಬೇಕು. ಒಂದೇ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಈ ಎರಡು ಊರುಗಳ ನಡುವೆ ಅವಳಿಗೆ ಇಲ್ಲದಿದ್ದ ದಾರಿ ಇದು.